ಪಕ್ಕದ ತೋಟದವರು ಎಳೆಯುವಾಗ ನಾನ್ಯಾಕೆ ಉಳಿಸಲಿ?

ಪ್ರಶ್ನೆ: ಸರ್, ನಮ್ಮದು ನಾಲ್ಕು ಎಕರೆ. ಮೂರು ಬೋರ್ ಫೇಲಾಗಿ ನಾಲ್ಕನೆಯದರಲ್ಲಿ 1,250 ಅಡಿಗೆ ಎರಡು ಇಂಚು ನೀರು ಬಿದ್ದಿದೆ. ಹೈಸ್ಕೂಲು ಓದುವ ಮಗಳು, "ಎಲ್ಲಾ ನೀವೇ ಖಾಲಿ ಮಾಡಿದ್ರೆ ನಮಗೇನಪ್ಪಾ ಉಳಿಯುತ್ತೆ" ಅಂತಾಳೆ. ನಾನು ಉಳಿಸಿದರೆ ಪಕ್ಕದ ತೋಟದವನು ಎಳ್ಕೋತಾನೆ. ಸಾಲ ಇರುವವನು ಮುಂದಿನ ಪೀಳಿಗೆ ಅಂತ ಕೂರೋಕಾಗುತ್ತಾ?
— ಹೆಸರು ಬೇಡ, ಕೋಲಾರ ಜಿಲ್ಲೆ

ಉತ್ತರ: ಪಕ್ಕದವರ ವಿಷಯದಲ್ಲಿ ನಿಮ್ಮ ಮಾತು ಸರಿ. ನೆಲದಡಿಯ ನೀರಿಗೆ ಬದು ಇಲ್ಲ. ಹಾಗಾಗಿ ನೀವೊಬ್ಬರೇ ತ್ಯಾಗ ಮಾಡಿ ಅಂತ ನಾನು ಹೇಳುವುದಿಲ್ಲ. (ದಿನಾ ಪೈಪ್ ಹಿಡಿದು ಕಾರು ತೊಳೆಯುವವರು ರೈತರಿಗೆ ನೀರಿನ ಪಾಠ ಮಾಡಿದರೆ ನನಗೂ ಸಿಟ್ಟು ಬರುತ್ತೆ.)

ಆದರೆ ನಿಮಗೆ ಸಿಕ್ಕಿರುವುದು ಯಾವ ನೀರು ಅಂತ ನೋಡಿ. ನಿಮ್ಮ ಕಡೆ ಕೆಳಗೆಲ್ಲ ಗಟ್ಟಿ ಬಂಡೆ. ನಿಮ್ಮ ತಾತನವರ ಕಾಲದಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದು ಬಾವಿಯಿಂದ ಎತ್ತುತ್ತಿದ್ದದ್ದು ಮೇಲಿನ ಮಣ್ಣು, ಸಡಿಲ ಕಲ್ಲಿನ ಪದರದ ನೀರು, ಅದು ಒಳ್ಳೆ ಮಳೆ ಬಂದರೆ ಆ ವರ್ಷವೇ ತುಂಬಿಕೊಳ್ಳುತ್ತಿತ್ತು. ಸಾವಿರ ಅಡಿ ಕೆಳಗೆ ಬಂಡೆಯ ಬಿರುಕಲ್ಲಿರುವುದು ಹಾಗಲ್ಲ. ಅದು ಇಳಿದು ಸೇರೋಕೆ ಎಷ್ಟೋ ಕಾಲ ಹಿಡಿದಿದೆ, ಜೊತೆಗೆ ಅಂಥ ನೀರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಕಾಟ ಬೇರೆ. ಅದನ್ನು ಎಳೆಯೋದು ಬಿತ್ತನೆ ರಾಗಿಯನ್ನೇ ಬೀಸಿ ಮುದ್ದೆ ಮಾಡಿ ಉಂಡ ಹಾಗೆ. ಮಗಳ ಕಾಲದ ತನಕ ಯಾಕೆ ಹೋಗ್ತೀರಿ, ನಿಮ್ಮ ಸಾಲ ತೀರುವ ಮೊದಲೇ ಈ ಬೋರ್ ಕೈಕೊಡಬಹುದು ಅಲ್ವಾ?

ಈಗ ಮೇಲೆ ನೋಡಿ. ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಅಂದರೆ ಒಂದು ಎಕರೆಯ ಮೇಲೆ 28 ಲಕ್ಷ ಲೀಟರ್! ಜಾಸ್ತಿ ಪಾಲು ಬಿಸಿಲಿಗೆ ಆರುತ್ತೆ, ಬೆಳೆ ಕುಡಿಯುತ್ತೆ, ನಿಜ. ಆದರೂ ಜೋರು ಮಳೆಯಲ್ಲಿ ಸುಮ್ನೆ ಹರಿದು ಹೋಗುವುದು ಕಡಿಮೆ ಏನಲ್ಲ. ಫೇಲಾದ ಮೂರು ಬೋರ್ ಇವೆಯಲ್ಲ, (ಬಾಯಿ ಮುಚ್ಚಿದ್ದೀರಾ? ಇಲ್ಲದಿದ್ದರೆ ಇವತ್ತೇ ಮುಚ್ಚಿ, ಮಕ್ಕಳು ಓಡಾಡುವ ಜಾಗ) ಅದರಲ್ಲಿ ತಗ್ಗಿನಲ್ಲಿರುವ ಒಂದರ ಸುತ್ತ ಮಳೆ ನೀರು ಇಂಗಿಸೋಕೆ ಹತ್ತಡಿ ಉದ್ದ, ಅಗಲ, ಆಳದ ಗುಂಡಿ ತೋಡಿಸಿ. ಗುಂಡಿಯೊಳಗಿನ ಕೇಸಿಂಗ್ ಪೈಪಿಗೆ (ಮಣ್ಣು ಕುಸಿಯದ ಹಾಗೆ ಬೋರಿಗೆ ಇಳಿಸಿದ ಹೊರ ಪೈಪ್) ತೂತು ಹೊಡೆಸಿ ನೈಲಾನ್ ಜಾಲರಿ ಸುತ್ತಿ. ಕೆಳಗೆ ದಪ್ಪ ಕಲ್ಲು, ಆಮೇಲೆ ಜಲ್ಲಿ, ಮೇಲೆ ಮರಳು. ಕೆಸರು ನೀರನ್ನು ನೇರ ಬಿಡಬೇಡಿ, ಪಕ್ಕದ ಚಿಕ್ಕ ಗುಂಡಿಯಲ್ಲಿ ತಿಳಿಯಾಗಿ ಬರಲಿ. ಔಷಧಿ ಹೊಡೆದ ಹೊಲದ ನೀರಂತೂ ಬೇಡವೇ ಬೇಡ.

ಇದರಿಂದ ಪ್ರಯೋಜನ ಇದೆಯಾ ಅಂದರೆ, ನಿಮ್ಮ ಜಿಲ್ಲೆಯನ್ನೇ ನೋಡಿ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವುದು) ಬಂದು ಕೆರೆ ತುಂಬಿದ ಕಡೆ ಸುತ್ತಲಿನ ಬೋರ್‌ಗಳಲ್ಲೂ ನೀರು ಮೇಲೆ ಬಂತು. ಆ ನೀರಿನ ಶುದ್ಧತೆ ಬಗ್ಗೆ ತಕರಾರು ಇದೆ, ನನಗೂ ಇದೆ. ಮಳೆ ನೀರಿಗೆ ಆ ತಕರಾರಿಲ್ಲ.

ನೀವು ಇಂಗಿಸಿದ್ದರಲ್ಲೂ ಪಕ್ಕದವರಿಗೆ ಪಾಲು ಹೋಗುತ್ತೆ, ಬದು ಇಲ್ಲ ಅಂದೆನಲ್ಲ. ಅದಕ್ಕೇ ಜೆಸಿಬಿ ಬರುವ ದಿನ ಅವರನ್ನೂ ಕರೆಯಿರಿ. ಅವರ ಹೊಲದಲ್ಲೂ ಒಂದಾದರೂ ಫೇಲಾದ ಬೋರ್ ಇದ್ದೇ ಇರುತ್ತೆ, ಬಾಡಿಗೆ ಅರ್ಧ ಅರ್ಧ ಹಾಕಿಕೊಳ್ಳಿ.