ಬ್ಯಾಟರಿ ಇಳಿದ ಮೇಲೆ ಎಂ5 ಎಷ್ಟು ವೇಗದ ಕಾರು?

ಬಿಎಂಡಬ್ಲ್ಯು ಎಂ5 ಪ್ಲಗ್-ಇನ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರ್, ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿ ಇರುವ ಕಾರು) ಆದ ಮೇಲೆ ಬಹಳ ಭಾರವಾಗಿದೆ, ಬ್ಯಾಟರಿ ಖಾಲಿಯಾದರೆ ಅದರ ವೇಗವೂ ಹೋಗಿಬಿಡುತ್ತದೆಯೇ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ಮೋಟರಿನ ನೆರವು ಸಿಗದಿದ್ದರೂ ಬಾನೆಟ್ ಕೆಳಗೆ 4.4 ಲೀಟರಿನ ಟ್ವಿನ್ ಟರ್ಬೊ ವಿ8 ಎಂಜಿನ್ ಇದೆ: ಎಂಟು ಸಿಲಿಂಡರ್, ಜೊತೆಗೆ ಹೆಚ್ಚು ಗಾಳಿ ತುಂಬುವ ಎರಡು ಟರ್ಬೊ. ಅದೊಂದೇ 585 ಅಶ್ವಶಕ್ತಿ ಕೊಡುತ್ತದೆ. ಅಲ್ಲದೆ ಇಂಥ ಕಾರುಗಳು ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡುವುದಿಲ್ಲ. ಸ್ವಲ್ಪ ಚಾರ್ಜ್ ಮೀಸಲಿಟ್ಟುಕೊಂಡು, ಬ್ರೇಕ್ ಒತ್ತಿದಾಗ ಮತ್ತು ಎಂಜಿನ್ ಮೇಲೆ ಹೊರೆ ಕಡಿಮೆಯಿರುವಾಗ ಮತ್ತೆ ತುಂಬಿಸಿಕೊಳ್ಳುತ್ತವೆ.

ಆದರೆ ಕಂಪನಿ ಹೇಳುವ 727 ಅಶ್ವಶಕ್ತಿ, 1000 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಎಂಜಿನ್ ಮತ್ತು ಮೋಟರ್ ಎರಡೂ ದುಡಿದಾಗಿನ ಲೆಕ್ಕ. 197 ಅಶ್ವಶಕ್ತಿಯ ಮೋಟರ್ ಎಂಟು ಗೇರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಒಳಗೇ ಕುಳಿತಿದೆ. ಇದರ ದೊಡ್ಡ ಉಪಕಾರ, ನನ್ನ ಪ್ರಕಾರ, ಗರಿಷ್ಠ ವೇಗದಲ್ಲಿಲ್ಲ. ಆಕ್ಸಿಲರೇಟರ್ ಒತ್ತಿದ ಮೊದಲ ಗಳಿಗೆಯಲ್ಲಿದೆ. ಟರ್ಬೊ ಒತ್ತಡ ಏರುವಷ್ಟರಲ್ಲಿ ಮೋಟರ್ ಕಾರನ್ನು ಮುಂದಕ್ಕೆ ತಳ್ಳಿರುತ್ತದೆ. ಆ ತಕ್ಷಣದ ಸ್ಪಂದನೆ ನನಗೆ ಬಹಳ ಇಷ್ಟ.

ತೂಕದ ಬಗೆಗಿನ ನಿಮ್ಮ ಆತಂಕ ಮಾತ್ರ ಸಕಾರಣವಾದದ್ದು. ಹೊಸ ಎಂ5 ಸುಮಾರು 2.4 ಟನ್, ಹಿಂದಿನದಕ್ಕಿಂತ ಸುಮಾರು 500 ಕಿಲೋ ಹೆಚ್ಚು. 625 ಅಶ್ವಶಕ್ತಿಯ ಹಳೆಯ ಎಂ5 ಕಾಂಪಿಟಿಷನ್ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 3.3 ಸೆಕೆಂಡ್ ತೆಗೆದುಕೊಂಡರೆ, ಹೊಸದಕ್ಕೆ 3.5 ಸೆಕೆಂಡ್ ಬೇಕು. ಹೆಚ್ಚಿದ ಶಕ್ತಿಯನ್ನೆಲ್ಲ ತೂಕವೇ ನುಂಗಿತು. ನೇರ ರಸ್ತೆಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ತಿರುವಿಗೆ ಮೊದಲು ಬ್ರೇಕ್ ಹಾಕುವಾಗ ತಿಳಿಯುತ್ತದೆ: ಅದೇ ವೇಗದಿಂದ ನಿಲ್ಲಿಸಲು ಕಾಲು ಭಾಗದಷ್ಟು ಹೆಚ್ಚು ಚಲನಶಕ್ತಿಯನ್ನು ಕರಗಿಸಬೇಕು. ಟೈರುಗಳಿಗೂ ಅಷ್ಟೇ ಹೆಚ್ಚು ಕೆಲಸ.

ಹಾಗಾದರೆ ಇಷ್ಟು ಭಾರ ಹೊರುವುದೇಕೆ? ಎಂ5ನ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 18.6 ಕಿಲೋವ್ಯಾಟ್ ಅವರ್. ಕಂಪನಿಯ ಅಂದಾಜಿನಂತೆ 70 ಕಿಲೋಮೀಟರಿಗೆ ತುಸು ಕಡಿಮೆ ದೂರ ಪೆಟ್ರೋಲ್ ಇಲ್ಲದೆ ಓಡುತ್ತದೆ. ಇನ್ನೊಂದು ವೇಗದ ಪ್ಲಗ್-ಇನ್ ಹೈಬ್ರಿಡ್, ಮರ್ಸಿಡಿಸ್-ಎಎಂಜಿ ಸಿ63 ಎಸ್ ಇ ಪರ್ಫಾರ್ಮೆನ್ಸ್ ಹಿಡಿದ ದಾರಿ ಬೇರೆ. ಅದರ ಬ್ಯಾಟರಿ 6.1 ಕಿಲೋವ್ಯಾಟ್ ಅವರ್, ತೂಕ 89 ಕಿಲೋ. ಬರೀ ವಿದ್ಯುತ್ತಿನಲ್ಲಿ ಓಡುವುದು 13 ಕಿಲೋಮೀಟರ್. ಅದು ದೂರ ಸಾಗಲೆಂದು ಮಾಡಿದ ಬ್ಯಾಟರಿಯೇ ಅಲ್ಲ. ಪ್ರತಿ ಕೋಶದ ಸುತ್ತಲೂ ಶೀತಕ ದ್ರವ ಹರಿಸಿ, ಬೇಗ ಶಕ್ತಿ ಬಿಟ್ಟು ಬೇಗ ತುಂಬಿಕೊಳ್ಳುವಂತೆ ರೂಪಿಸಿದ್ದಾರೆ. ಹಿಂಬದಿಯ ಮೋಟರಿಗೆ 150 ಕಿಲೋವ್ಯಾಟ್ ಸಿಗುವುದು 10 ಸೆಕೆಂಡ್ ಮಾತ್ರ. ಒಂದು ತಿರುವಿನಿಂದ ಹೊರಬಂದು ಮುಂದಿನದನ್ನು ತಲುಪಲು ಅಷ್ಟು ಸಾಕು. ಎಂಜಿನ್ ಎರಡು ಲೀಟರಿನದು, ನಾಲ್ಕು ಸಿಲಿಂಡರ್. ಹಳೆಯ ಸಿ63ರ ವಿ8 ಗರ್ಜನೆ ಇಲ್ಲದ್ದು ದೊಡ್ಡ ನಷ್ಟವೇ. ತಂತ್ರಜ್ಞಾನ ಎಷ್ಟೇ ಅದ್ಭುತವಾಗಿರಲಿ, ಆ ಕೊರತೆಯನ್ನು ನಾನು ಕಡೆಗಣಿಸಲಾರೆ.

ಮನೆಯಲ್ಲಿ ಚಾರ್ಜರ್ ಇದ್ದು ದಿನನಿತ್ಯದ ಓಡಾಟ 50 ಕಿಲೋಮೀಟರಿನೊಳಗೆ ಮುಗಿಯುವುದಾದರೆ ನಾನು ಎಂ5 ಆರಿಸುತ್ತೇನೆ. ಚಾರ್ಜ್ ಮಾಡುವ ಅನುಕೂಲವೇ ಇಲ್ಲದಿದ್ದರೆ ಅದು ಬೇಡ. ಸತ್ತ ಭಾರವನ್ನು ಪೆಟ್ರೋಲ್ ಸುಟ್ಟು ಹೊತ್ತಂತಾಗುತ್ತದೆ. ಟೆಸ್ಟ್ ಡ್ರೈವ್‌ಗೆ ಹೋದಾಗ ಚಾರ್ಜ್ ಕಡಿಮೆಯಿರುವ ಕಾರನ್ನೇ ಕೇಳಿ. ಆಕ್ಸಿಲರೇಟರ್ ಒತ್ತಿ ಖುಷಿಪಡುವುದಕ್ಕಿಂತ ಹೆಚ್ಚು ಗಮನವನ್ನು ಬ್ರೇಕಿನ ಮೇಲಿಡಿ.