ಕಾವಲಿಯ ಮುಂದೆ ನಿಂತ ಸೊಂಟ

ನನ್ನ ಬಳಿ ಸಲಹೆಗೆ ಬಂದವರಿಗೆ 41 ವರ್ಷ. ಊರು ಕುಂದಾಪುರದ ಕಡೆ. ಮುಂಬೈ ಮಾಟುಂಗಾದ ಹೋಟೆಲೊಂದರಲ್ಲಿ ದೋಸೆ ಹಾಕುವ ಕೆಲಸ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ನಿದ್ದೆ ಬರಲ್ಲ, ಮಾತಾಡಿದರೆ ಸಿಟ್ಟು ಅಂತ ಊರಲ್ಲಿದ್ದ ಹೆಂಡತಿಯೇ ಒತ್ತಾಯ ಮಾಡಿ ಕಳಿಸಿದ್ದರು. ಸೊಂಟದ ಮಾತು ಆಮೇಲೆ ಬಂತು. ಆದರೆ ಅವರು ಕುಳಿತ ರೀತಿಯಲ್ಲೇ ನನಗೆ ಗೊತ್ತಾಗಿತ್ತು. ಎರಡೂ ಕೈ ಮೇಜಿಗೆ ಊರಿ, ಉಸಿರು ಬಿಗಿಹಿಡಿದು, ಇಷ್ಟಿಷ್ಟೇ ಕೆಳಗಿಳಿದರು.

"ಅಕ್ಕ, ನನ್ನ ಡಿಸ್ಕ್ ಹೋಯ್ತು," ಅಂದರು. ಜೇಬಿನಿಂದ ಎಂಆರ್‌ಐ ವರದಿ ತೆಗೆದರು. ಮಡಿಚಿ ಮಡಿಚಿ ಅಂಚು ಹರಿದಿತ್ತು. 'ಡಿಸ್ಕ್ ಬಲ್ಜ್', ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಎನ್ನುವ ಪದದ ಕೆಳಗೆ ಪೆನ್ನಿನ ಗೆರೆ. ಎಳೆದವರು ಅವರೇ.

ಮೊದಲು ಕೇಳಲೇಬೇಕಾದ ಪ್ರಶ್ನೆಗಳನ್ನು ಕೇಳಿದೆ. ಮೂತ್ರ, ಮಲದ ಹಿಡಿತ ತಪ್ಪಿದೆಯಾ? ತೊಡೆಸಂದಿಯಲ್ಲಿ ಜೋಮು? ಕಾಲಿನ ಬಲ ಕುಗ್ಗಿದೆಯಾ? ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಪೆಟ್ಟು? ಯಾವುದೂ ಇರಲಿಲ್ಲ. ಡಾಕ್ಟರೂ ಪರೀಕ್ಷೆ ಮಾಡಿ ಆಪರೇಷನ್ ಬೇಡ ಅಂದಿದ್ದರು. ಮೂತ್ರ ಕಟ್ಟಿದರೆ, ಕಾಲು ಸೋತರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ ಅಂತ ಹೇಳಿಟ್ಟೆ.

ಅವರ ಕೆಲಸದ ದಿನ ಹೇಗಿರುತ್ತದೆ ಅಂತ ಕೇಳಿದೆ. ಹತ್ತು ಗಂಟೆ ಕಾವಲಿಯ ಮುಂದೆ ನಿಲ್ಲಬೇಕು. 20 ಕಿಲೋ ತೂಗುವ ಹಿಟ್ಟಿನ ಪಾತ್ರೆಯನ್ನು ನೆಲದಿಂದ ಎತ್ತಿ ಕಟ್ಟೆಗೆ ಇಡಬೇಕು. ಹೇಗೆ ಎತ್ತುತ್ತೀರಿ, ಸುಮ್ನೆ ಕೈಯಲ್ಲಿ ತೋರಿಸಿ ಅಂದೆ. ಪಾದ ಕದಲಿಸದೆ ಸೊಂಟವನ್ನಷ್ಟೇ ಎಡಕ್ಕೆ ತಿರುಗಿಸಿ ತೋರಿಸಿದರು. ಕಾಲಿಡಲು ಜಾಗವಿಲ್ಲದ ಅಡುಗೆಮನೆಯಲ್ಲಿ ಬೇರೆ ದಾರಿ ಏನಿದೆ? ದಿನಕ್ಕೆ ಒಂದು ಕಟ್ಟು ಬೀಡಿ. ನಾಲ್ಕು ಗಂಟೆ ನಿದ್ದೆ. ಮಗಳ ಕಾಲೇಜಿನ ಸಾಲ.

2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು ಎಂಬ ಅಂದಾಜಿದೆ. ಅದರ ಜತೆ ಮುಖ್ಯವಾಗಿ ಹೆಸರಿಸುವ ಅಪಾಯಗಳು ಮೂರು: ದುಡಿಮೆಯ ರೀತಿ, ತಂಬಾಕಿನ ಹೊಗೆ, ಹೆಚ್ಚಿದ ತೂಕ. ಇವರಿಗೆ ತೂಕ ಬಿಟ್ಟು ಉಳಿದೆರಡೂ ಇದ್ದವು. ಬೀಡಿಗೂ ಸೊಂಟಕ್ಕೂ ಏನು ಸಂಬಂಧ ಅಂತ ಅವರು ನಂಬಲೇ ಇಲ್ಲ. ಡಿಸ್ಕಿಗೆ ಮೊದಲೇ ರಕ್ತದ ಪೂರೈಕೆ ಕಡಿಮೆ, ಹೊಗೆ ಅದನ್ನೂ ಕುಗ್ಗಿಸುತ್ತದೆ ಅಂತ ವಿವರಿಸಿದೆ.

ಆದರೆ ಅವರನ್ನು ಜಾಸ್ತಿ ಕಾಡುತ್ತಿದ್ದದ್ದು ಭಯ. ಮೂರು ವಾರದಿಂದ ಹೋಟೆಲಿನ ಅಟ್ಟದಲ್ಲಿ ಮಲಗೇ ಇದ್ದರು. ಬಗ್ಗಿದರೆ ಬೆನ್ನು ಮುರಿಯುತ್ತದೆ ಎಂಬ ನಂಬಿಕೆ. ಯಾಕೆ ಅಂತ ಕೇಳಿದಾಗ ತುಂಬ ಹೊತ್ತು ಸುಮ್ಮನಿದ್ದು ಹೇಳಿದರು: "ನನ್ನಣ್ಣನೂ ಇಲ್ಲೇ ಹೋಟೆಲಲ್ಲಿದ್ದ. ಸೊಂಟ ಹಿಡ್ಕೊಂಡು ಊರಿಗೆ ಹೋದವನು ಮತ್ತೆ ಬರಲೇ ಇಲ್ಲ."

ನಾನು ಆ ವರದಿಯನ್ನೇ ಎತ್ತಿಕೊಂಡೆ. ನಲವತ್ತರ ಆಸುಪಾಸಿನಲ್ಲಿ ನೋವೇ ಇಲ್ಲದವರ ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧದಷ್ಟು ಜನರಲ್ಲಿ ಈ ಉಬ್ಬು ಕಾಣುತ್ತದೆ, ಕೂದಲು ನರೆತ ಹಾಗೆ ಇದೂ ಅಂದೆ. ನೋವು ಸುಳ್ಳಲ್ಲ, ಆದರೆ ಬೆನ್ನು ಮುರಿದಿಲ್ಲ. ಮಲಗಿದಷ್ಟೂ ಸ್ನಾಯು ಸೋಲುತ್ತದೆ, ಹೆದರಿಕೆ ಬೆಳೆಯುತ್ತದೆ.

ದಿನಕ್ಕೆ ಎರಡು ಸಲ ಹತ್ತು ನಿಮಿಷ ನಡೆಯಿರಿ, ವಾರ ವಾರ ಸ್ವಲ್ಪ ಹೆಚ್ಚಿಸಿ ಅಂದೆ. ವ್ಯಾಯಾಮ ಕಲಿಯಲು ಫಿಸಿಯೋಥೆರಪಿಸ್ಟ್ ಬಳಿ ಕಳಿಸಿದೆ. ಹಿಟ್ಟನ್ನು ಎರಡು ಸಣ್ಣ ಪಾತ್ರೆಗೆ ಹಂಚಿ, ಮೈಗೆ ಹತ್ತಿರ ಹಿಡಿದು ಎತ್ತಿ, ಸೊಂಟದ ಬದಲು ಪಾದ ತಿರುಗಿಸಿ ಅಂದೆ. ಸೇಟು ಹತ್ತಿರ ಏನು ಕೇಳಬೇಕು ಅಂತ ಇಬ್ಬರೂ ಕೂತು ಎರಡು ವಾಕ್ಯ ಬರೆದೆವು. ಕೊನೆಗೆ, ಅಣ್ಣನಿಗೆ ಒಂದು ಫೋನ್ ಮಾಡಿ ಅಂದೆ.

ಆರು ವಾರದ ಮೇಲೆ ಬಂದರು. ಕೆಲಸಕ್ಕೆ ಹೋಗುತ್ತಿದ್ದರು. ನೋವು ಪೂರ್ತಿ ಹೋಗಿರಲಿಲ್ಲ. ಬೀಡಿ ದಿನಕ್ಕೆ ಆರಕ್ಕೆ ಇಳಿದಿತ್ತು. ಅಟ್ಟದ ನಿದ್ದೆ ಮಾತ್ರ ಹಾಗೇ ಇತ್ತು, ಅದಕ್ಕೆ ನನ್ನಲ್ಲೂ ಉಪಾಯವಿರಲಿಲ್ಲ.

"ಅಣ್ಣನಿಗೆ ಫೋನ್ ಮಾಡಿದ್ರಾ?"

"ಮಾಡಿದೆ ಅಕ್ಕ. ಈಗ ಕೈ ಬಿಡುವಿಲ್ಲ, ತೋಟದಲ್ಲಿ ತೆಂಗಿನಕಾಯಿ ಹೆಕ್ತಾ ಇದ್ದೇನೆ, ಆಮೇಲೆ ಮಾಡ್ತೇನೆ ಅಂದ."