ಚೈನ್ ಅಡವಿಟ್ಟು ದಶಮಾಂಶ ಕೊಡಬೇಕೆ?

ಪ್ರಶ್ನೆ: ನಾನು ಉಡುಪಿಯ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪಿಎಫ್ ಕಡಿತಕ್ಕೆ ಮೊದಲು ನನ್ನ ಸಂಬಳ 26,000 ರೂಪಾಯಿ. ಆರು ವರ್ಷಗಳಿಂದ ತಿಂಗಳು ತಪ್ಪದೆ 2,600 ರೂಪಾಯಿ ದಶಮಾಂಶ, ಎಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು, ದೇವರ ಕಾರ್ಯಕ್ಕೆಂದು ಕೊಡುತ್ತಿದ್ದೇನೆ. ಪತಿ ಮಲ್ಪೆಯಿಂದ ಮೀನು ಸಾಗಿಸುವ ಟೆಂಪೊ ಓಡಿಸುತ್ತಾರೆ. ಮಳೆಗಾಲದಲ್ಲಿ ಬಾಡಿಗೆ ಇರುವುದಿಲ್ಲ. ಈ ಸಲ ಮೇ ತಿಂಗಳಲ್ಲಿ ಅವರಿಗೆ ತಿಳಿಸದೆ ಚೈನ್ ಅಡವಿಟ್ಟು 20,000 ರೂಪಾಯಿ ತಂದೆ. ಮನೆಖರ್ಚಿನ ಜೊತೆಗೆ ಎರಡು ತಿಂಗಳ ದಶಮಾಂಶವೂ ಅದರಲ್ಲೇ ಹೋಯಿತು. ಮೂಲ್ಕಿಯಲ್ಲಿರುವ ವಿಧವೆ ಅಮ್ಮನಿಗೆ ಮಾತ್ರೆಯ ದುಡ್ಡು ಕಳಿಸಲಾಗಲಿಲ್ಲ. ನನ್ನ ಬೈಬಲಿನ ಕವರಿನಲ್ಲಿ ಅಡವಿನ ಚೀಟಿ ಪತಿಗೆ ಸಿಕ್ಕಿತು. ಅಂದಿನಿಂದ ಅವರು ಮಾತು ಬಿಟ್ಟಿದ್ದಾರೆ. ದಶಮಾಂಶ ನಿಲ್ಲಿಸಿದರೆ ಶಾಪ ಬರುತ್ತದೆಂದು ನಾವು ಹೋಗುವ ಪ್ರಾರ್ಥನಾಕೂಟದಲ್ಲಿ ಹೇಳುತ್ತಾರೆ. ಕೊಡುವುದನ್ನು ನಿಲ್ಲಿಸಲೇ? ಲೆಕ್ಕ ಪೂರ್ತಿ ಸಂಬಳದ್ದೋ, ಕೈಗೆ ಬರುವುದರದ್ದೋ?

ಉತ್ತರ: ಸಹೋದರಿ, ಅಮ್ಮನ ಮಾತ್ರೆಯ ವಿಷಯವನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ನನ್ನನ್ನು ಹೆಚ್ಚು ಕಾಡಿದ್ದು ಅದೇ ವಾಕ್ಯ. ಆದರೂ ನೀವು ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ.

ಪೂರ್ತಿ ಸಂಬಳವೋ ಕೈಗೆ ಬರುವ ಸಂಬಳವೋ ಎಂಬ ಪ್ರಶ್ನೆಗೆ ಬೈಬಲಿನಲ್ಲಿ ನೇರ ಉತ್ತರವಿಲ್ಲ, ಏಕೆಂದರೆ ಮೋಶೆಯ ಧರ್ಮಶಾಸ್ತ್ರವು ದಶಮಾಂಶಕ್ಕೆಂದು ಹೆಸರಿಸುವುದು ಧಾನ್ಯ, ದ್ರಾಕ್ಷಾರಸ, ಎಣ್ಣೆ ಹಾಗೂ ದನಕುರಿಗಳನ್ನು. ಯಾಜಕಕಾಂಡದ 27ನೆಯ ಅಧ್ಯಾಯದಲ್ಲಿ ಹಿಂಡನ್ನು ಎಣಿಸುವ ಕ್ರಮವಿದೆ: ಕುರುಬನ ಕೋಲಿನ ಕೆಳಗೆ ಒಂದೊಂದಾಗಿ ಹಾದುಹೋಗುವ ಪ್ರಾಣಿಗಳಲ್ಲಿ ಹತ್ತನೆಯದು ದೇವರದು. ಒಂಬತ್ತೇ ಕುರಿಗಳಿದ್ದವನ ಹಟ್ಟಿಯಲ್ಲಿ ಹತ್ತನೆಯದು ಹಾದುಹೋಗುವುದೇ ಇಲ್ಲ. ಅವನು ನೆರೆಯವನಿಂದ ಒಂದು ಕುರಿ ಸಾಲ ತಂದು ಲೆಕ್ಕ ತುಂಬಿಸಬೇಕೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ನಮ್ಮ ಕರಾವಳಿಯ ಸಭೆಗಳ ಬೆಳೆಹಬ್ಬವನ್ನೇ ನೋಡಿ. ತೆಂಗಿನಕಾಯಿ, ಬಾಳೆಗೊನೆ, ಮಟ್ಟುಗುಳ್ಳ ಬದನೆ ಎಂದು ಹಿತ್ತಿಲಲ್ಲಿ ಬಿಟ್ಟದ್ದನ್ನು ತಂದಿಟ್ಟು ಏಲಂ ಮಾಡುತ್ತೇವೆ. ಗೊನೆ ಹಾಕದ ವರ್ಷ ಬಡ್ಡಿಗೆ ದುಡ್ಡು ತಂದು ಅಂಗಡಿಯ ಗೊನೆ ಹೊತ್ತು ತಂದವರನ್ನು ನಾನಂತೂ ಕಂಡಿಲ್ಲ.

ಶಾಪದ ಮಾತು ಬೈಬಲಿನಲ್ಲಿ ಪ್ರವಾದಿ ಮಲಾಕಿಯನ ಗ್ರಂಥದ ಮೂರನೆಯ ಅಧ್ಯಾಯದ್ದು. ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿರಿ ಎಂಬ ಹತ್ತನೆಯ ವಚನವನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಅದೇ ಅಧ್ಯಾಯದ ಐದನೆಯ ವಚನದಲ್ಲಿ ಕೂಲಿಯವನ ಕೂಲಿಯನ್ನು ಹಿಡಿದಿಡುವವರನ್ನೂ ವಿಧವೆ ಹಾಗೂ ಅನಾಥರನ್ನು ಬಾಧಿಸುವವರನ್ನೂ ಪ್ರವಾದಿ ಎದುರಿಗೆ ನಿಲ್ಲಿಸಿ ಎಚ್ಚರಿಸುತ್ತಾನೆ. ಈ ವಚನ ಪ್ರಸಂಗಗಳಲ್ಲಿ ಏಕೋ ಅಷ್ಟಾಗಿ ಕೇಳಿಬರುವುದಿಲ್ಲ. ಆ ಭಂಡಾರ ಯಾರಿಗಾಗಿತ್ತು ಎಂಬುದನ್ನೂ ನೋಡಬೇಕು. ದೇವಾಲಯದ ಸೇವೆಗೆ ನಿಂತ, ಜಮೀನಿನ ಪಾಲು ಸಿಗದ ಲೇವಿ ಕುಲದವರ ಜೀವನ ನಡೆಯುತ್ತಿದ್ದುದು ದಶಮಾಂಶದಿಂದ. ಪ್ರತಿ ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಸಿಟ್ಟು, ಲೇವಿಯರೊಂದಿಗೆ ಪರದೇಶಿಯೂ ತಾಯಿತಂದೆ ಇಲ್ಲದವರೂ ವಿಧವೆಯರೂ ಬಂದು ಹೊಟ್ಟೆ ತುಂಬ ಉಣ್ಣಬೇಕೆಂದು ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ ಹೇಳುತ್ತದೆ. ಅಂದರೆ ನಿಮ್ಮ ಅಮ್ಮ ಆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕಾದವರು. ಅವರ ಮಾತ್ರೆ ತಪ್ಪಿಸಿ ತುಂಬಿಸಿದ ಕಾಣಿಕೆಯ ಕವರು ಯಾವ ಅರ್ಥದಲ್ಲಿ ದಶಮಾಂಶವಾಗುತ್ತದೆಂದು ನನಗೆ ತಿಳಿಯುತ್ತಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಎಂದರೆ ದೇವರಿಗೆ ಮುಡಿಪು, ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಕಟುವಾಗಿಯೇ ಗದರಿಸುತ್ತಾನೆ. ನೀವು ತಪ್ಪಿಸಿಕೊಂಡದ್ದಲ್ಲ, ಹೆದರಿಕೊಂಡದ್ದು ಎಂಬುದನ್ನು ಬಲ್ಲೆ. ಆದರೆ ಅಮ್ಮನಿಗೆ ಮಾತ್ರೆ ಇಲ್ಲದೆ ಹೋದದ್ದು ಎರಡು ಸಂದರ್ಭದಲ್ಲೂ ಒಂದೇ.

ತನ್ನಲ್ಲಿದ್ದ ಎರಡೇ ಕಾಸನ್ನು ದೇವಾಲಯದ ಕಾಣಿಕೆಪೆಟ್ಟಿಗೆಗೆ ಹಾಕಿ ಯೇಸುವಿನ ಮೆಚ್ಚುಗೆ ಪಡೆದ ಬಡ ವಿಧವೆಯ ಕಥೆಯನ್ನು ಯಾರಾದರೂ ನಿಮ್ಮ ಮುಂದೆ ಎತ್ತಬಹುದು. ಅದಕ್ಕೆ ಸ್ವಲ್ಪ ಮೊದಲು, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಅದೇ ಯೇಸು ಏನು ಹೇಳಿದನೆಂದು ಅವರನ್ನು ಕೇಳಿ.

ಹಾಗೆಂದು ದಶಮಾಂಶವನ್ನು ಹಗುರವಾಗಿ ಕಾಣುವವನು ನಾನಲ್ಲ. ಮೊದಲ ಸಂಬಳದಿಂದಲೇ ಹತ್ತರಲ್ಲಿ ಒಂದು ಪಾಲನ್ನು ಎತ್ತಿಡುವ ರೂಢಿ ನನಗೂ ಇದೆ. ಮನೆಯಲ್ಲಿ ಕಾಯಿಲೆ ಇದ್ದ ಎರಡು ವರ್ಷ ಅದು ಸಾಧ್ಯವಾಗಲಿಲ್ಲ, ಆ ಎರಡು ವರ್ಷಗಳಲ್ಲಿ ಶಾಪವೇನೂ ಬಂದಂತೆ ನನಗೆ ನೆನಪಿಲ್ಲ. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಎರಡು ಪತ್ರಗಳಲ್ಲಿ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಮಾತು ಇದೆ, ಆದರೆ ಅಲ್ಲೆಲ್ಲೂ ಹತ್ತನೆಯ ಒಂದು ಎಂಬ ಲೆಕ್ಕವಿಲ್ಲ: ವಾರದ ಮೊದಲ ದಿನ ಅವರವರು ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ, ಒತ್ತಾಯದಿಂದಲ್ಲ, ದುಃಖದಿಂದಲ್ಲ ಎನ್ನುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುವ ಮಲ್ಪೆಯನ್ನು ನಂಬಿದ ಮನೆಗೆ ಇದಕ್ಕಿಂತ ಹೊಂದುವ ಅಳತೆ ಸಿಗಲಾರದು. ಈ ಕರಾವಳಿಗೆ 1834ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರ ಕೈಕೆಳಗೆ ಸಭೆ ಸೇರಿ, ಜಾತಿಯೂ ಕಸುಬೂ ಕೈಬಿಟ್ಟುಹೋದವರ ಹೊಟ್ಟೆಪಾಡಿಗೆ ಮಿಶನ್ನಿನ ಮಗ್ಗ ಬೇಕಾಯಿತು, 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆ ಬೇಕಾಯಿತು. ಸಭೆಗೆ ಸೇರಿದವನ ಮನೆಯಲ್ಲಿ ಗಂಜಿ ಬೇಯುತ್ತಿದೆಯೇ ಎಂದು ಸಭೆಯೇ ವಿಚಾರಿಸುವ ಪದ್ಧತಿ ನಮ್ಮಲ್ಲಿ ಹಳೆಯದು.

ಇನ್ನು ನಿಮ್ಮ ಪತಿ. ಅವರ ಮೌನಕ್ಕೆ ಕಾರಣ 2,600 ರೂಪಾಯಿ ಎಂದು ನಿಮ್ಮ ಪತ್ರದಿಂದ ನನಗೆ ಅನಿಸಲಿಲ್ಲ. ಆರು ವರ್ಷ ಅವರು ಅದಕ್ಕೆ ಅಡ್ಡಿಪಡಿಸಿದಂತೆ ನೀವು ಎಲ್ಲಿಯೂ ಬರೆದಿಲ್ಲ. ಬಾಡಿಗೆ ಇಲ್ಲದೆ ಟೆಂಪೊ ಅಂಗಳದಲ್ಲಿ ನಿಂತಿರುವಾಗ, ಹೆಂಡತಿ ತನಗೆ ಹೇಳದೆ ಕತ್ತಿನ ಚೈನ್ ಬಿಚ್ಚಿಕೊಟ್ಟಳಲ್ಲ ಎಂಬುದು ಅವರಿಗೆ ನೋವು ತಂದಿರಬೇಕು. ಬೈಬಲಿನ ವಚನಗಳನ್ನು ಮುಂದಿಟ್ಟು ಅವರೊಡನೆ ವಾದಿಸಬೇಡಿ. ಮುಚ್ಚಿಟ್ಟದ್ದು ತಪ್ಪಾಯಿತೆಂದು ಮೊದಲು ಹೇಳಿ, ಆಮೇಲೆ ಇಬ್ಬರೂ ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ.

ಚೈನ್ ಬಿಡಿಸಿಕೊಳ್ಳುವವರೆಗೆ, ಅಮ್ಮನ ಮಾತ್ರೆ, ಸಾಲದ ಕಂತು, ಮನೆಯ ಅಕ್ಕಿ ಇಷ್ಟನ್ನು ಮೊದಲು ಬರೆದು, ಉಳಿದದ್ದರಲ್ಲಿ ಇಬ್ಬರಿಗೂ ಒಪ್ಪಿಗೆಯಾದಷ್ಟನ್ನು ಕವರಿಗೆ ಹಾಕಿ. ಅದು 200 ರೂಪಾಯಿಯಾದರೂ ಸರಿ, ಒಂದು ತಿಂಗಳು ಏನೂ ಇಲ್ಲದಿದ್ದರೂ ಸರಿ. ಕೂಟದ ಹಿರಿಯರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ; ಅದಕ್ಕೂ ಅವರು ಶಾಪವನ್ನೇ ಮುಂದಿಟ್ಟರೆ ಬೇರೆ ಸಭೆಯ ಪಾಲಕರೊಬ್ಬರ ಬಳಿ ಮಾತನಾಡಲು ಹಿಂಜರಿಯಬೇಡಿ. ಆಗಸ್ಟಿನಲ್ಲಿ ಬಾಡಿಗೆ ಶುರುವಾದ ಮೇಲೆ ಅಸಲನ್ನು ಬೇಗ ತೀರಿಸಿಬಿಡಿ, ಬಡ್ಡಿಯ ಲೆಕ್ಕವನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಇವತ್ತು ಸಂಜೆಯೇ ಮೂಲ್ಕಿಗೆ ಫೋನ್ ಮಾಡಿ, ಅಮ್ಮನ ಬಳಿ ಎಷ್ಟು ದಿನದ ಮಾತ್ರೆ ಉಳಿದಿದೆ ಎಂದು ಕೇಳಿ.